ಅರ್ಧ ಶೀಟು ಗುಳಿಗೆ

ಹರಿಹರದ ಆ ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಗೋಡೆ ಬಿಳಿ, ಉಳಿದ ಮೂರೂ ಹಳೆಯ ಹಸಿರು. ಬಿಳಿ ಬಣ್ಣ ಹೊಡೆಸಿದ್ದು ಸಂದರ್ಶನಕ್ಕಾಗಿ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಕಾಣುವುದು ಅದೊಂದೇ ಗೋಡೆ. ಸಂದರ್ಶನ ಇರುವ ದಿನ ಮನೆಯಲ್ಲಿ ಕುಕ್ಕರ್ ಇಡುವುದಿಲ್ಲ, ಅಜ್ಜ ಟೀವಿ ಹಾಕುವುದಿಲ್ಲ. ಅಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಕೈಸನ್ನೆಯಲ್ಲೇ ‘ಆಮ್ಯಾಲೆ ಬರ್ರಿ’ ಅನ್ನುತ್ತಾರೆ. ಕರೆಂಟು ಹೋದರೆ ಇರಲಿ ಎಂದು ಎರಡು ಫೋನು ಪೂರ್ತಿ ಚಾರ್ಜಾಗಿ ಪಕ್ಕದಲ್ಲಿ ಕಾದಿರುತ್ತವೆ.

ಎಂಟು ತಿಂಗಳಲ್ಲಿ ಈ ಮನೆಯ ಹುಡುಗಿ 11 ಕಂಪನಿಗಳಿಗೆ ಸಂದರ್ಶನ ಕೊಟ್ಟಿದ್ದಾಳೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವಳು. ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಳು. ಕಂಪನಿ ಜನರನ್ನು ಕಡಿಮೆ ಮಾಡಿದಾಗ ಊರಿಗೆ ಬಂದಳು. ಈಗ ಅವಳಿಗೆ ಬೇಕಾಗಿರುವುದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. 11ರಲ್ಲಿ 4 ಕಂಪನಿಗಳು ‘ಇಲ್ಲ’ ಎಂದು ಮೇಲ್ ಕಳಿಸಿದವು. ಉಳಿದ 7 ಏನೂ ಹೇಳಲಿಲ್ಲ. ನಾನು ಅವಳ ಮನೆಗೆ ಹೋದಾಗ ನಮ್ಮ ಮಾತುಕತೆಯ ಮುಕ್ಕಾಲು ಪಾಲು ಆ ಏಳರ ಸುತ್ತಲೇ ತಿರುಗಿತು.

ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯರೊಬ್ಬರ ಮನೆ ಮಹಡಿಯ ಮೇಲೆ ಭಾನುವಾರ ಬೆಳಿಗ್ಗೆ ನಾವು ಕೆಲವರು ಅಣಕು ಸಂದರ್ಶನ ನಡೆಸುತ್ತೇವೆ. ನಾನು ಹದಿನೈದು ವರ್ಷ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು ಊರಿಗೆ ಮರಳಿದವನು. ಮೇಜಿನ ಎರಡೂ ಬದಿಯಲ್ಲಿ ಕೂತಿದ್ದೇನೆ. ಮಹಡಿಗೆ ಬರುವ ಹುಡುಗ ಹುಡುಗಿಯರು ಹೆಚ್ಚಿನವರು ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೇ ಓದಿದವರು. 1951ರಲ್ಲಿ ಶುರುವಾದ ಬಿಡಿಟಿ, 1979ರ ಬಾಪೂಜಿ ತಾಂತ್ರಿಕ ಕಾಲೇಜು, ಆಮೇಲೆ ಬಂದ ಜಿಎಂಐಟಿ. ಬಟ್ಟೆ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು, ಗಿರಣಿಗಳು ನಿಂತ ಮೇಲೆ ಕಾಲೇಜುಗಳ ಊರಾಯಿತು. ಮಕ್ಕಳನ್ನು ಓದಿಸುವುದರಲ್ಲಿ ಇಲ್ಲಿನ ಮನೆಗಳು ಹಿಂದೆ ಬಿದ್ದಿಲ್ಲ. ಓದಿದ ಮೇಲೆ ಏನು ಎಂಬುದಕ್ಕೆ ಮಾತ್ರ ಬೆಂಗಳೂರಿನ ಕಡೆಯೇ ಮುಖ ಮಾಡಬೇಕು.

ಪ್ರಾಡಕ್ಟ್ ಮ್ಯಾನೇಜರ್ ಎಂಬ ಹೆಸರು ಕೇಳಿದೊಡನೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, “ಮ್ಯಾನೇಜರ್ ಅಂದ್ರೆ ಕೈಕೆಳಗೆ ಎಷ್ಟ್ ಜನ?” ಯಾರೂ ಇಲ್ಲ ಎಂದರೆ ಅಪ್ಪಂದಿರಿಗೆ ನಂಬಿಕೆ ಬರುವುದಿಲ್ಲ. ಆದರೆ ನಿಜ ಅದೇ. ಪ್ರೋಗ್ರಾಂ ಬರೆಯಲು ಎಂಜಿನಿಯರುಗಳಿದ್ದಾರೆ, ಪರದೆ ಹೇಗೆ ಕಾಣಬೇಕೆಂದು ನೋಡಿಕೊಳ್ಳಲು ಡಿಸೈನರುಗಳಿದ್ದಾರೆ, ಮಾರಲು ಬೇರೆಯವರಿದ್ದಾರೆ. ಈ ಆಪಿನಲ್ಲಿ ಮುಂದೆ ಏನು ಬರಬೇಕು, ಏನು ಬೇಡ, ಯಾರ ಕಷ್ಟ ಮೊದಲು ತೀರಬೇಕು ಎಂದು ತೀರ್ಮಾನಿಸಿ, ಇಷ್ಟೂ ಜನರನ್ನು ಒಪ್ಪಿಸಿ ಕೆಲಸ ದಡ ಸೇರಿಸುವವರು ಪ್ರಾಡಕ್ಟ್ ಮ್ಯಾನೇಜರ್. ಹುಕುಂ ಚಲಾಯಿಸುವ ಅಧಿಕಾರ ಇಲ್ಲ, ಹೊಣೆ ಮಾತ್ರ ಪೂರ್ತಿ.

ಇದರ ಮೂಲ ಸಾಫ್ಟ್‌ವೇರ್ ಅಲ್ಲ, ಸಾಬೂನು. 1931ರ ಮೇ 13ರಂದು ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್‌ರಾಯ್ ಎಂಬ ಯುವಕ 3 ಪುಟದ ಒಂದು ಟಿಪ್ಪಣಿ ಬರೆದ. ಅವನು ನೋಡಿಕೊಳ್ಳುತ್ತಿದ್ದ ಕ್ಯಾಮೆ ಸಾಬೂನು, ಅದೇ ಕಂಪನಿಯ ಐವರಿ ಸಾಬೂನಿನ ನೆರಳಿನಲ್ಲಿತ್ತು. ಒಂದೊಂದು ಸಾಬೂನಿಗೂ ಅದರದ್ದೇ ಜನ ಬೇಕು, ಮಾರಾಟ ಎಲ್ಲಿ ಓಡುತ್ತಿದೆ ಎಲ್ಲಿ ಕುಂಟುತ್ತಿದೆ ಎಂದು ಅವರು ನೋಡಬೇಕು, ಕುಂಟುವ ಕಡೆಗೆ ತಾವೇ ಹೋಗಿ ಕಾರಣ ಹುಡುಕಬೇಕು ಎಂಬುದು ಆ ಟಿಪ್ಪಣಿಯ ತಿರುಳು. ಮುಂದೆ 1957ರಲ್ಲಿ ಮೆಕೆಲ್‌ರಾಯ್ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದರು. ಅವರ ಯೋಚನೆ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ದಾಟಿ, ಅಲ್ಲಿಂದ ಸಾಫ್ಟ್‌ವೇರಿಗೆ ಬಂತು. ಗೂಗಲ್‌ನಲ್ಲಿ ಮರಿಸ್ಸಾ ಮೇಯರ್ 2002ರಲ್ಲಿ ಹೊಸಬರಿಗೆಂದೇ ಈ ಕೆಲಸದ ತರಬೇತಿ ಯೋಜನೆ ಶುರುಮಾಡಿದ ಮೇಲೆ, ಕಾಲೇಜು ಮುಗಿಸಿದವರೂ ಇದರ ಕನಸು ಕಾಣುವಂತಾಯಿತು. ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್, ಸ್ವಿಗ್ಗಿ, ಫೋನ್‌ಪೇಗಳು ಬೆಳೆದವು. ಕನಸು ಚನ್ನಗಿರಿ, ಜಗಳೂರಿನವರೆಗೂ ಬಂತು.

ಸಂದರ್ಶನ ಒಂದು ದಿನದ ಮಾತಲ್ಲ. ಮೊದಲು ಎಚ್‌ಆರ್ ಕಡೆಯಿಂದ ಫೋನು. ಆಮೇಲೆ ‘ಇಂಥವರಿಗೆ ಇಂಥದ್ದೊಂದು ವಸ್ತು ರೂಪಿಸಿ’ ಎಂಬ ಸುತ್ತು, ಅಂಕಿಗಳ ಸುತ್ತು, ಹಿಂದಿನ ಕೆಲಸದಲ್ಲಿ ಜಗಳ ಬಿದ್ದಾಗ ಏನು ಮಾಡಿದಿರಿ ಎಂಬ ಸುತ್ತು, ಮನೆಯಲ್ಲಿ ಮಾಡಿ ತರಬೇಕಾದ ಅಸೈನ್‌ಮೆಂಟು, ಕೊನೆಗೆ ಮೇಲಿನವರ ಜೊತೆ ಮಾತು. ಐದಾರು ಸುತ್ತು ಮುಗಿಯಲು ಒಂದೂವರೆ ತಿಂಗಳಾದರೂ ಆಗುತ್ತದೆ. ಬೆಂಗಳೂರಿನಲ್ಲಿ ಇರುವವರು ಊಟದ ಹೊತ್ತಿನಲ್ಲಿ ಒಂದು ಸುತ್ತು ಮುಗಿಸಿ ಬರುತ್ತಾರೆ. ನಮ್ಮವರಿಗೆ ಮುಖಾಮುಖಿ ಸುತ್ತು ಎಂದರೆ 260 ಕಿಲೋಮೀಟರ್ ಪ್ರಯಾಣ. 2023ರ ಜೂನ್‌ನಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತಿದೆ, ನಿಜ. ಕೆಲಸವಿಲ್ಲದ ಕಾಲದಲ್ಲಿ ಆ ಟಿಕೆಟ್ ದುಡ್ಡನ್ನು ಅಪ್ಪನ ಬಳಿ ಕೇಳಬೇಕಲ್ಲ, ಆ ಕಷ್ಟ ರೈಲಿನಿಂದ ತೀರುವುದಿಲ್ಲ.

ಹೆಚ್ಚು ಜನ ಹೆದರುವುದು ಅಂದಾಜಿನ ಪ್ರಶ್ನೆಗೆ. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಹೆಸರಿನಲ್ಲಿ ಓಡಾಡುವ ಹಳೆಯ ಪ್ರಶ್ನೆ ಒಂದಿದೆ: ಶಿಕಾಗೋ ನಗರದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟು ಜನ? ಅದರ ಮೊಮ್ಮಕ್ಕಳೇ ಇಂದಿನ ಸಂದರ್ಶನದಲ್ಲಿ ಬರುವ ಪ್ರಶ್ನೆಗಳು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ದಿನಕ್ಕೆ ಎಷ್ಟು ಕಪ್ ಕಾಫಿ ಮಾರಾಟವಾಗುತ್ತದೆ ಎಂದು ಕೇಳಿದರೆ, ವಿಮಾನವನ್ನೇ ಹತ್ತದ ಹುಡುಗ ತಬ್ಬಿಬ್ಬಾಗುತ್ತಾನೆ. ಅವನಿಗೆ ಗೊತ್ತಿಲ್ಲದಿರುವುದು ಲೆಕ್ಕವಲ್ಲ, ವಿಮಾನ ನಿಲ್ದಾಣ. ಒಂದು ಭಾನುವಾರ ನಾನು ಪ್ರಶ್ನೆ ಬದಲಿಸಿದೆ. ದಾವಣಗೆರೆಯಲ್ಲಿ ದಿನಕ್ಕೆ ಎಷ್ಟು ಬೆಣ್ಣೆದೋಸೆ ಖರ್ಚಾಗುತ್ತವೆ?

ನಿಟುವಳ್ಳಿಯ ಹುಡುಗ ಎದ್ದು ಬೋರ್ಡಿನ ಮುಂದೆ ನಿಂತ. 2011ರ ಜನಗಣತಿಯಲ್ಲೇ ಊರು 4.3 ಲಕ್ಷ ದಾಟಿತ್ತು, ಈಗ 5 ಲಕ್ಷ ಅಂದುಕೊಳ್ಳೋಣ ಅಂದ. ಮನೆಗೆ ನಾಲ್ಕೂವರೆ ಜನ ಎಂದರೆ ಸುಮಾರು 1.1 ಲಕ್ಷ ಮನೆ. ಹತ್ತು ಮನೆಗೆ ಒಂದು ಮನೆಯವರು ದಿನಕ್ಕೆ ಎರಡು ದೋಸೆ ತಿಂದರೆ 22,000. ಅಷ್ಟಕ್ಕೆ ಬಿಡಲಿಲ್ಲ. “ಸರ್, ಈಗ ಹಂಚಿನ ಕಡೆಯಿಂದ ನೋಡಾಣ” ಎಂದು ಮತ್ತೆ ಶುರುಮಾಡಿದ. ಒಂದು ಹಂಚಿನ ಮೇಲೆ ಒಂದು ಸಲಕ್ಕೆ 6 ದೋಸೆ, ಒಂದು ಸಲಕ್ಕೆ 5 ನಿಮಿಷ, ಗಂಟೆಗೆ 72. ಜನ ತುಂಬಿರುವ ಹೊತ್ತು ದಿನಕ್ಕೆ 6 ಗಂಟೆ ಎಂದರೆ 432. ಹೆಸರು ಮಾಡಿದ ಹೋಟೆಲು, ಗಾಡಿ ಎಲ್ಲ ಸೇರಿ 40 ಹಂಚು ಹಿಡಿದರೆ 17,280. ಎರಡು ಲೆಕ್ಕದ ನಡುವೆ ಅಂತರ ಉಳಿಯಿತು. ಹಂಚು 6 ಗಂಟೆ ಅಲ್ಲ, 8 ಗಂಟೆ ಕಾದಿರುತ್ತದೆ ಎಂದು ಇನ್ನೊಬ್ಬಳು ಹೇಳಿದಳು. ಆಗ 23,040. ಹೊರ ಊರಿನಿಂದ ಸಂತೆಗೆ, ಆಸ್ಪತ್ರೆಗೆ ಬಂದವರನ್ನು ನೀನು ಲೆಕ್ಕಕ್ಕೇ ಹಿಡಿದಿಲ್ಲ ಎಂದು ಮತ್ತೊಬ್ಬ ಜಗಳ ತೆಗೆದ. ಮುಕ್ಕಾಲು ಗಂಟೆ ಆ ಮಹಡಿಯ ಮೇಲೆ ಸದ್ದೋ ಸದ್ದು. ಉತ್ತರ ಸರಿಯೇ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎರಡು ದಿಕ್ಕಿನಿಂದ ಬಂದು ಒಂದೇ ಕಡೆ ಸೇರುತ್ತೇವೆಯೇ ಎಂದು ತಾಳೆ ನೋಡುವ ಬುದ್ಧಿಯನ್ನೇ ಸಂದರ್ಶಕರು ಹುಡುಕುವುದು. ಅದು ಈ ಹುಡುಗರ ಕೈಯಲ್ಲೇ ಇತ್ತು.

ಚಮತ್ಕಾರದ ಒಗಟುಗಳಿಂದ ಕೆಲಸಗಾರರ ಯೋಗ್ಯತೆ ತಿಳಿಯುವುದಿಲ್ಲ ಎಂದು ಗೂಗಲ್‌ನ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ 2013ರಲ್ಲೇ ಬಹಿರಂಗವಾಗಿ ಹೇಳಿದ್ದರು. ಒಗಟು ಕಡಿಮೆಯಾಯಿತು. ಅದರ ಜಾಗಕ್ಕೆ ‘ಫ್ರೇಮ್‌ವರ್ಕ್’ ಬಂತು. ಬಳಕೆದಾರರು ಯಾರು, ಅವರ ಕಷ್ಟ ಏನು, ಯಾವುದು ಮುಖ್ಯ, ಪರಿಹಾರ ಎಷ್ಟು, ಅಳೆಯುವುದು ಹೇಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಉತ್ತರಿಸುವ ಕ್ರಮ. ಇದನ್ನು ಕಲಿಸಲು ಪುಸ್ತಕಗಳಿವೆ, ಸಾವಿರಾರು ರೂಪಾಯಿ ಫೀಸಿನ ಕೋರ್ಸುಗಳಿವೆ. ಕ್ರಮ ಕೆಟ್ಟದ್ದೇನೂ ಅಲ್ಲ, ತಲೆ ಚದುರಿದಾಗ ಹಿಡಿದುಕೊಳ್ಳಲು ಹಗ್ಗ ಇದ್ದಂತೆ. ಆದರೆ ಬಾಯಿಪಾಠದ ಕ್ರಮವನ್ನೇ ಬುದ್ಧಿವಂತಿಕೆ ಎಂದು ಸಂದರ್ಶಕರು ಎಣಿಸಿದಾಗ ಏನಾಗುತ್ತದೆ ಎಂಬುದಕ್ಕೆ ವಿನೋಬನಗರದ ಹುಡುಗನೊಬ್ಬನ ಕತೆ ಕೇಳಬೇಕು.

ಅವನು ಎರಡು ವರ್ಷ ಹಣ ಪಾವತಿಯ ಆಪೊಂದರ ಗ್ರಾಹಕ ಸೇವೆಯಲ್ಲಿ ಕನ್ನಡದ ಕರೆಗಳನ್ನು ತೆಗೆದುಕೊಂಡವನು. ದುಡ್ಡು ಕಟ್ಟಾಯಿತು, ಆ ಕಡೆ ಮುಟ್ಟಿಲ್ಲ ಎಂದು ಅಳುವವರು, ಬೈಯುವವರು, ಮೊಮ್ಮಗನ ಕೈಗೆ ಫೋನು ಕೊಟ್ಟು ಪಕ್ಕದಲ್ಲಿ ನಿಂತು ಪಿಸುಗುಡುವವರು, ಎಲ್ಲರನ್ನೂ ಕೇಳಿದ್ದಾನೆ. ಸಂದರ್ಶನದಲ್ಲಿ ಪ್ರಶ್ನೆ ಬಂತು: ಒಂದೇ ಪಾವತಿಯನ್ನು ಎರಡು ಸಲ ಮಾಡುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿದೆ, ಕಾರಣ ಹೇಗೆ ಹುಡುಕುತ್ತೀರಿ? ಅವನಿಗೆ ಕಾರಣವೇ ಗೊತ್ತಿತ್ತು. ಪರದೆಯ ಮೇಲೆ ‘ಪೆಂಡಿಂಗ್’ ಎಂದು ಬಂದರೆ ಕಾಯಬೇಕು ಎಂದು ಜನ ತಿಳಿಯುವುದಿಲ್ಲ, ಹೋಗಿಲ್ಲ ಎಂದೇ ತಿಳಿಯುತ್ತಾರೆ. ಅಂಗಡಿಯಲ್ಲಿ ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ನಾಚಿಕೆಗೆ ಮತ್ತೊಮ್ಮೆ ಒತ್ತುತ್ತಾರೆ. ಆ ಪದ ತೆಗೆದು ‘ದುಡ್ಡು ದಾರಿಯಲ್ಲಿದೆ, ಮತ್ತೆ ಕಳಿಸಬೇಡಿ’ ಎಂದು ಅವರ ಭಾಷೆಯಲ್ಲೇ ಹಾಕಿ ಎಂದ. ಅಂಕಿಗಳನ್ನು ವಯಸ್ಸು, ಊರು, ಫೋನಿನ ಮಾದರಿ ಎಂದು ಒಡೆದು ನೋಡುವ ಬಗ್ಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಬಂದ ಮೇಲ್‌ನಲ್ಲಿ ಒಂದೇ ಸಾಲು ಕಾರಣ, ಉತ್ತರಗಳಲ್ಲಿ ಕ್ರಮಬದ್ಧತೆ ಇಲ್ಲ ಎಂದು.

ಕ್ರಮ ಇರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಒಂದೇ ಕಾರಣಕ್ಕೆ ಅಂಟಿಕೊಂಡು ಉಳಿದವನ್ನು ನೋಡದಿದ್ದರೆ ಕೆಲಸದಲ್ಲಿ ಪೆಟ್ಟು ತಿನ್ನುತ್ತೇವೆ. ಆದರೆ ಕ್ರಮವನ್ನು ಎರಡು ವಾರದಲ್ಲಿ ಕಲಿಸಬಹುದು. ಎರಡು ವರ್ಷ ಜನರ ದನಿ ಕೇಳಿ ಬಂದ ತಿಳಿವಳಿಕೆಯನ್ನು ಯಾವ ಕೋರ್ಸಿನಲ್ಲಿ ಕೊಳ್ಳುವುದು? ‘ಬಳಕೆದಾರರನ್ನು ಅರ್ಥ ಮಾಡಿಕೊಳ್ಳಿ’ ಎಂದು ದಿನವೂ ಹೇಳುವ ಕಂಪನಿ, ಅರ್ಥ ಮಾಡಿಕೊಂಡವನು ಎದುರಿಗೆ ಕೂತಾಗ ಗುರುತಿಸಲಿಲ್ಲ. ಅವನು ಮಾತ್ರ ಆ ಒಂದು ಸಾಲಿಗಾಗಿ ಕಂಪನಿಯನ್ನು ಇವತ್ತಿಗೂ ನೆನೆಯುತ್ತಾನೆ. “ಕಾರಣನಾದ್ರೂ ಹೇಳಿದ್ರಲ್ಲ ಸರ್” ಎನ್ನುತ್ತಾನೆ.

ಭಾಷೆಯ ಮಾತು ಇಲ್ಲೇ ಬರುತ್ತದೆ. ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತದೆ, ಬರೆಯುತ್ತಾರೆ, ಓದುತ್ತಾರೆ. ಯೋಚನೆ ಮಾತ್ರ ಕನ್ನಡದಲ್ಲಿ ಓಡುತ್ತಿರುತ್ತದೆ. ‘ಜೋರಾಗಿ ಯೋಚಿಸಿ’ ಎಂದು ಸಂದರ್ಶಕರು ಕೇಳುವುದು ಈ ಹುದ್ದೆಯ ಪದ್ಧತಿ. ಅಂದರೆ ತಲೆಯೊಳಗಿನದ್ದೆಲ್ಲ ಆ ಕ್ಷಣದಲ್ಲೇ ಬಾಯಿಗೆ ಬರಬೇಕು. ಎರಡು ಸೆಕೆಂಡು ತಡವಾದರೆ ಆತ್ಮವಿಶ್ವಾಸ ಇಲ್ಲ ಎಂದು ಬರೆದುಕೊಳ್ಳುತ್ತಾರೆ. ಹಾಗಾಗಿ ನಾವು ಪ್ರತಿ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ಬಿಡಿಸುತ್ತೇವೆ, ಜಗಳ ಆಡುತ್ತೇವೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿಸುತ್ತೇವೆ. ಒಳಗೆ ಮಾತು ಗಟ್ಟಿಯಾದ ಮೇಲೆ ಇಂಗ್ಲಿಷು ಹೆಚ್ಚು ತೊದಲುವುದಿಲ್ಲ. ಇದನ್ನು ಆರು ತಿಂಗಳಿಂದ ಕಣ್ಣಾರೆ ಕಾಣುತ್ತಿದ್ದೇನೆ.

‘ನಿಮಗೆ ಇಷ್ಟವಾದ ಒಂದು ಪ್ರಾಡಕ್ಟ್ ಯಾವುದು, ಅದನ್ನು ಹೇಗೆ ಸುಧಾರಿಸುತ್ತೀರಿ?’ ಇದು ತಪ್ಪದೆ ಬರುವ ಪ್ರಶ್ನೆ. ಎಲ್ಲರೂ ಹಾಡಿನ ಆಪು, ನಕಾಶೆಯ ಆಪು ಎನ್ನುತ್ತಾರೆ. ಸಂದರ್ಶಕರು ಅದನ್ನು ಆ ದಿನವೇ ಮೂರು ಸಲ ಕೇಳಿರುತ್ತಾರೆ. ಮಾಯಕೊಂಡ ಕಡೆಯ ಹಳ್ಳಿಯ ಹುಡುಗನೊಬ್ಬ ಮೆಕ್ಕೆಜೋಳದ ತೇವಾಂಶ ಅಳೆಯುವ ಮೀಟರ್ ಎಂದ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತಂದವರಿಗೆಲ್ಲ ಅದು ಗೊತ್ತು. ಬೆಂಬಲ ಬೆಲೆಗೆ ತೇವಾಂಶ ಶೇ 14 ಮೀರಬಾರದು, ವ್ಯಾಪಾರಿಯ ಬಳಿಯೂ ತೇವಾಂಶ ಹೆಚ್ಚಿದ್ದರೆ ದರ ಇಳಿಯುತ್ತದೆ. ಅದಕ್ಕೇ ಸುಗ್ಗಿಯಲ್ಲಿ ರಸ್ತೆಯ ಬದಿಯುದ್ದಕ್ಕೂ ಹಳದಿ ಹಾಸು. ಹುಡುಗ ಹೇಳಿದ್ದು ಇಷ್ಟು: ಅಪ್ಪ ಕಾಳು ಕೊಡುತ್ತಾನೆ, ಮೀಟರ್ ವ್ಯಾಪಾರಿಯ ಕೈಯಲ್ಲಿರುತ್ತದೆ, ಅಂಕಿ ಕಾಣುವುದು ವ್ಯಾಪಾರಿಯ ಕಡೆಗೆ. ಅಪ್ಪ ಅಂಕಿಯನ್ನು ನೋಡುವುದಿಲ್ಲ, ವ್ಯಾಪಾರಿಯ ಮುಖ ನೋಡುತ್ತಾನೆ. ಎರಡೂ ಕಡೆ ಪರದೆ ಇರಲಿ, ಒಂದೇ ರಾಶಿಯ ಮೂರು ಕಡೆಯಿಂದ ಕಾಳು ತೆಗೆದ ಮೇಲಷ್ಟೇ ಸರಾಸರಿ ತೋರಲಿ, ಅದರ ಚೀಟಿ ಬರಲಿ. ಇದಕ್ಕೆ ವ್ಯಾಪಾರಿ ಯಾಕೆ ಒಪ್ಪುತ್ತಾನೆ ಎಂದು ಸಂದರ್ಶಕರು ಮರುಪ್ರಶ್ನೆ ಹಾಕಿದರು. ಒಪ್ಪುವುದಿಲ್ಲ, ಮಂಡಿಯಲ್ಲಿ ಅಂಥ ಮೀಟರ್ ಇಟ್ಟವನ ಅಂಗಡಿಗೆ ಲೋಡು ಹೆಚ್ಚು ಬಂದರೆ ಮಾತ್ರ ಒಪ್ಪುತ್ತಾನೆ ಎಂದು ಇವನು ಹೇಳಿದ. 45 ನಿಮಿಷದ ಸುತ್ತು ಒಂದು ಗಂಟೆ 20 ನಿಮಿಷ ಹೋಯಿತು. ಈಗ ಅವನು ಬೆಂಗಳೂರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸಹಾಯಕ ಪ್ರಾಡಕ್ಟ್ ಮ್ಯಾನೇಜರ್. ಅವನನ್ನು ನೆನೆದಾಗಲೆಲ್ಲ ನನಗೆ ಹಿಗ್ಗು.

ಎಲ್ಲರಿಗೂ ಹೀಗಾಗುವುದಿಲ್ಲ. ಹೊಸಬರಿಗೆ ಈ ಹುದ್ದೆಗಳೇ ಕಡಿಮೆ, ಇದ್ದವು ದೊಡ್ಡ ಸಂಸ್ಥೆಗಳ ಕ್ಯಾಂಪಸ್ಸಿನಲ್ಲೇ ಮುಗಿದುಹೋಗುತ್ತವೆ. ಹೊರಗಿನವರು ಟೆಸ್ಟಿಂಗ್, ಗ್ರಾಹಕ ಸೇವೆ, ಬಿಸಿನೆಸ್ ಅನಲಿಸ್ಟ್ ಎಂದು ಸುತ್ತು ದಾರಿಯಲ್ಲಿ ಬರಬೇಕು.

ಅಸೈನ್‌ಮೆಂಟಿನ ಮಾತಿಗೆ ಬರುತ್ತೇನೆ, ಏಕೆಂದರೆ ಹರಿಹರದ ಹುಡುಗಿಯ ನೋವು ಇರುವುದು ಅಲ್ಲಿ. ಹಿರಿಯರಿಗೆ ಮನೆಗೇ ಔಷಧ ತಲುಪಿಸುವ ಆಪ್ ರೂಪಿಸಿ, ಸೋಮವಾರದೊಳಗೆ ಕಳಿಸಿ ಎಂದು ಒಂದು ಶುಕ್ರವಾರ ಸಂಜೆ ಮೇಲ್ ಬಂತು. ಎರಡು ಹಗಲು ಎರಡು ರಾತ್ರಿ ಕೂತು 22 ಸ್ಲೈಡು ಮಾಡಿದಳು. ಓಣಿಯ ಐದು ಜನ ಹಿರಿಯರನ್ನು ಮಾತಾಡಿಸಿದಳು, ಅಕ್ಷರ ಎಷ್ಟು ದಪ್ಪ ಇರಬೇಕೆಂದು ಅವರ ಕೈಗೆ ಫೋನು ಕೊಟ್ಟು ನೋಡಿದಳು. ಕಳಿಸಿದಳು. ತಲುಪಿತು ಎಂಬ ಯಂತ್ರದ ಉತ್ತರ ಬಂತು. ಆಮೇಲೆ ಒಂದು ವಾರ, ಎರಡು ವಾರ. ನೆನಪಿನ ಮೇಲ್ ಹಾಕಿದಳು. ಇನ್ನೊಂದು ಹಾಕಿದಳು. 47ನೆಯ ದಿನ ಎಣಿಸುವುದನ್ನು ಬಿಟ್ಟಳು. “ಚೆನ್ನಾಗಿಲ್ಲ ಅಂದಿದ್ರೆ ಒಂದಿನ ಅಳ್ತಿದ್ದೆ ಸರ್. ಇದು ಏನೂ ಅಂತಾನೇ ಗೊತ್ತಾಗ್ತಿಲ್ಲ. ಯಾರಾದ್ರೂ ತೆಗೆದು ನೋಡಿದ್ರೋ ಇಲ್ವೋ.”

ಕೆಲಸದ ಮಾದರಿಯನ್ನೇ ಕೊಟ್ಟು ಮಾಡಿಸಿ ನೋಡುವುದು ಒಳ್ಳೆಯ ಪದ್ಧತಿ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ಮಾದರಿ ಪರೀಕ್ಷೆ ಮತ್ತು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಸಂದರ್ಶನ ಇವೆರಡೂ ಮನಬಂದಂತೆ ನಡೆಸುವ ಸಂದರ್ಶನಕ್ಕಿಂತ ಎಷ್ಟೋ ಮೇಲು ಎಂದು ಕಂಡುಬಂತು. ಆದರೆ ಮಾಡಿಸಿದ್ದನ್ನು ನೋಡಬೇಕು. ನೋಡಿದ್ದನ್ನು ಹೇಳಬೇಕು. ಅಮೆಜಾನ್ ತನ್ನ 16 ತತ್ವಗಳನ್ನು ಬಹಿರಂಗವಾಗಿ ಇಟ್ಟು, ಸಂದರ್ಶನ ಇವುಗಳ ಮೇಲೆಯೇ ನಡೆಯುತ್ತದೆ ಎಂದು ಮೊದಲೇ ತಿಳಿಸುತ್ತದೆ. ಆಟದ ನಿಯಮ ಗೊತ್ತಿದ್ದರೆ ಹಳ್ಳಿಯವರಿಗೂ ಪಟ್ಟಣದವರಿಗೂ ಅಂಕಣ ಒಂದೇ ಆಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಸಂದರ್ಶಕರ ಬದಿಯ ಕಷ್ಟವೂ ನನಗೆ ಗೊತ್ತು. ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತವೆ, ಸಂದರ್ಶನ ತೆಗೆದುಕೊಳ್ಳುವವರಿಗೆ ಅದು ದಿನದ ಕೆಲಸದ ಮೇಲಿನ ಹೊರೆ. ಕಾರಣ ಬರೆದರೆ ತಕರಾರು ಬಂದೀತೆಂದು ಕಂಪನಿಗಳು ಹಿಂಜರಿಯುತ್ತವೆ. ನಾನೂ ಹಾಗೆ ಮಾಡಿದ್ದೇನೆ. ವರ್ಷಗಳ ಹಿಂದೆ, ಮೂರು ಸುತ್ತು ಮುಗಿಸಿದ ಒಬ್ಬ ಹುಡುಗನಿಗೆ ಈ ವಾರ ಬರೆಯೋಣ, ಮುಂದಿನ ವಾರ ಬರೆಯೋಣ ಎಂದು ದಿನ ತಳ್ಳಿದೆ. ಕೊನೆಗೂ ಬರೆಯಲಿಲ್ಲ. ಅವನು ಕಳಿಸಿದ ಎರಡು ನೆನಪಿನ ಮೇಲ್‌ಗಳು ನನ್ನ ಪೆಟ್ಟಿಗೆಯಲ್ಲಿ ಇದ್ದವು. ಹರಿಹರದ ಆ ಹಸಿರು ಗೋಡೆಯ ಕೋಣೆಯಲ್ಲಿ ಕೂತಾಗ ಅವನ ಹೆಸರು ನೆನಪಾಯಿತು, ಮುಖ ನೆನಪಾಗಲಿಲ್ಲ. ಹತ್ತು ದಿನದೊಳಗೆ ಹೌದು ಇಲ್ಲ ಎರಡರಲ್ಲೊಂದು, ಅಸೈನ್‌ಮೆಂಟ್ ಮಾಡಿಸಿದ್ದರೆ ಅದರ ಬಗ್ಗೆ ಎರಡು ಸಾಲು. ಇಷ್ಟನ್ನು ಕೇಳುವ ಹಕ್ಕು ಈ ಮಕ್ಕಳಿಗೆ ಇದೆ ಎಂದು ಈಗ ಹೇಳುತ್ತಿದ್ದೇನೆ. ಅಂದು ನಾನು ಕೊಡಬೇಕಾಗಿತ್ತು.

ನಾವು ಆ ಕೋಣೆಯಲ್ಲಿ ಮಾತಾಡಿದ ಅಷ್ಟೂ ಹೊತ್ತು ಅಜ್ಜ ಸುಮ್ಮನೆ ಕೂತಿದ್ದರು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ದೇಶದ ಎಷ್ಟೋ ವರ್ಕ್‌ಶಾಪುಗಳಿಗೆ ಲೇಥ್ ಯಂತ್ರ ಕಳಿಸಿದ ಕಾರ್ಖಾನೆ ಅದು. ಅದು ಬಾಗಿಲು ಹಾಕಿದಾಗ ಊರಿನ ಅರ್ಧ ಓಣಿಗಳಿಗೆ ಕತ್ತಲು ಕವಿದಿತ್ತು. ಅಜ್ಜ ಎದ್ದು ದೇವರ ಗೂಡಿನ ಪಕ್ಕದ ಕಪಾಟಿನಿಂದ ಹಳೆಯ ಬಟ್ಟೆಯ ಗಂಟು ತಂದರು. ಒಳಗೆ ಎರಡು ಕಬ್ಬಿಣದ ತುಂಡು. ಒಂದರಲ್ಲಿ ಚೌಕದ ತೂತು, ಇನ್ನೊಂದು ಆ ತೂತಿಗೆ ಕೂರುವ ಚೌಕದ ತುಂಡು. ಕೆಲಸ ಕಲಿಯುವಾಗ ಅರದಿಂದ ಉಜ್ಜಿ ಉಜ್ಜಿ ಮಾಡಿದ ‘ಜಾಬ್’. ನಾಲ್ಕೂ ಮಗ್ಗುಲಿಗೆ ತಿರುಗಿಸಿ ಕೂರಿಸಿ ತೋರಿಸಿದರು, ಬೆಳಕಿಗೆ ಹಿಡಿದರು. ಸಂದಿನಲ್ಲಿ ಗೆರೆಯಷ್ಟೂ ಬೆಳಕು ಬರಲಿಲ್ಲ.

“ಮೇಸ್ತ್ರಿ ಹಿಂಗೆ ಬೆಳಕಿಗೆ ಹಿಡಿಯೋರು. ಬೆಳಕು ಬಂದ್ರೆ ಎಲ್ಲಿ ಬಂತು ಅಂತ ಉಗುರಾಗೆ ಗೆರೆ ಎಳೆದು ಕೊಡೋರು. ಅವತ್ತೇ ಗೊತ್ತಾಗಾದು,” ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ನೀ ಮಾಡಿದ್ದು ಎಲ್ಲೈತೆ, ತೆಗಿ ನೋಡಾಣ.”

ಅವಳು ನನ್ನ ಮುಖ ನೋಡಿದಳು. ಲ್ಯಾಪ್‌ಟಾಪ್ ತೆರೆದು, ಇಂಗ್ಲಿಷಿನ 22 ಸ್ಲೈಡುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳತೊಡಗಿದಳು. ಫೋಟೊ ತೆಗೆದರೆ ಸಾಕು ಅಜ್ಜ, ಡಾಕ್ಟರ ಚೀಟಿ ಅದೇ ಓದಿಕೊಳ್ಳುತ್ತದೆ. ಇಲ್ಲಿ ಒತ್ತಿದರೆ ಮನೆಗೆ ಬರುತ್ತದೆ. ತಿಂಗಳು ಮುಗಿಯುವ ಮುಂಚೆ ಅದೇ ನೆನಪು ಮಾಡುತ್ತದೆ. ಅಜ್ಜ ಕನ್ನಡಕ ಏರಿಸಿಕೊಂಡು ಪ್ರತಿ ಸ್ಲೈಡಿಗೂ ಹೂಂಗುಟ್ಟಿದರು. ಹದಿನಾಲ್ಕನೆಯದರಲ್ಲಿ ತಡೆದರು.

“ಅರ್ಧ ಶೀಟು ಗುಳಿಗೆ ಬೇಕಂದ್ರೆ?”

“ಅಂದ್ರೆ?”

“ಪೆನ್ಶನ್ ಬರೋ ಮಟ ನಾ ಅರ್ಧ ಶೀಟೇ ತರಾದು. ಮೆಡಿಕಲ್ ಶಾಪಿನಾಗೆ ಕತ್ತರಿಸಿ ಐದು ಕೊಡ್ತಾರೆ. ಇದ್ರಾಗೆ ಐದು ಕೊಡ್ತಾರೇನು?”

ಅವಳು ಉತ್ತರ ಹೇಳಲಿಲ್ಲ. ಓಣಿಯ ಐದು ಜನರಲ್ಲಿ ಯಾರನ್ನೂ ಇದೊಂದು ಕೇಳಿರಲಿಲ್ಲ ಎಂದು ನನಗೆ ಮೆಲ್ಲಗೆ ಹೇಳಿ, ಹದಿನಾಲ್ಕನೆಯ ಸ್ಲೈಡನ್ನು ಅಲ್ಲೇ ನಿಲ್ಲಿಸಿ, ಪಕ್ಕದಲ್ಲಿ ಹೊಸದೊಂದು ತೆರೆದಳು. “ಅಜ್ಜ, ಇನ್ನೂ ಯಾವ್ಯಾವ್ದು ಅರ್ಧ ತರ್ತೀಯ?” ಎಂದು ಕೇಳಿ ಟೈಪ್ ಮಾಡತೊಡಗಿದಳು. ಅಮ್ಮ ಒಳಗೆ ಕುಕ್ಕರ್ ಇಟ್ಟರು.